ತಲಾ 58,250

ನಾನು ಮಾಡಿದ ಒಂದು ಎಕ್ಸೆಲ್ ಶೀಟ್ ಮಣಿಪಾಲದಲ್ಲಿ ಸ್ವಲ್ಪ ಫೇಮಸ್. ಅದರ ಹೆಸರು ‘ಬಾಲಿ ಫೈನಲ್ 2’. 2024ರ ನವೆಂಬರಿನಲ್ಲಿ ನಾವು ನಾಲ್ಕು ಜನ ಬಾಲಿಗೆ ಹೋಗಿ ಬಂದ ಮೇಲೆ ಆಫೀಸಿನ ಒಬ್ಬರು ಕೇಳಿದರು ಅಂತ ಕಳಿಸಿದ್ದು. ಅವರು ಇನ್ನೊಬ್ಬರಿಗೆ ಕಳಿಸಿದರು. ಈಗ ಪರಿಚಯವೇ ಇಲ್ಲದವರು ಟೈಗರ್ ಸರ್ಕಲ್ಲಿನ ಹತ್ತಿರ ನಿಲ್ಲಿಸಿ, “ಬಾಲಿ ಶೀಟ್ ನಿಮ್ಮದೇ ಅಲ್ವಾ? 58 ಸಾವಿರದಲ್ಲಿ ಹೇಗೆ ಮಾಡಿದ್ರಿ ಮಾರ್ರೆ?” ಅನ್ನುತ್ತಾರೆ. ನಾನು ನಗುತ್ತೇನೆ. ಮೊದಲು ಹೆಮ್ಮೆಯಿಂದ ನಗುತ್ತಿದ್ದೆ.

ಪುಸ್ತಕ, ಸಿನಿಮಾಗಳಿಗೆ ವಿಮರ್ಶೆ ಬರೆಯುತ್ತಾರೆ. ಎಕ್ಸೆಲ್ ಶೀಟಿಗೆ ಯಾರೂ ಬರೆದದ್ದು ನೋಡಿಲ್ಲ. ಆದರೆ ನಮ್ಮ ವಯಸ್ಸಿನವರು ಕಳೆದ ಕೆಲವು ವರ್ಷಗಳಲ್ಲಿ ಪ್ರವಾಸದ ಬಗ್ಗೆ ಅತಿ ಹೆಚ್ಚು ಓದಿದ್ದು, ನೋಡಿದ್ದು ಇದನ್ನೇ. ‘50 ಸಾವಿರದಲ್ಲಿ ಬಾಲಿ’, ‘40 ಸಾವಿರದಲ್ಲಿ ಶ್ರೀಲಂಕಾ’, ‘ಒಂದು ಲಕ್ಷದೊಳಗೆ ಮಾಲ್ಡೀವ್ಸ್, ನಂಬ್ತೀರಾ?’. ಒಂದೂವರೆ ನಿಮಿಷದ ವಿಡಿಯೋ ಇರಬಹುದು, ನನ್ನ ಹಾಗೆ ಶೀಟ್ ಇರಬಹುದು, ಪ್ರಕಾರ ಒಂದೇ. ಹಾಗಾಗಿ ನನ್ನದೇ ಶೀಟನ್ನು ಎದುರಿಗಿಟ್ಟುಕೊಂಡು ಒಮ್ಮೆ ಸರಿಯಾಗಿ ಓದುವಾ ಅಂತ. ಬೇರೆಯವರದ್ದನ್ನು ಬೈದರೆ ಹೊಟ್ಟೆಕಿಚ್ಚು ಅನ್ನುತ್ತಾರೆ.

ಮೊದಲು ಶೀಟ್ ಏನು ಹೇಳುತ್ತದೆ ನೋಡಿ. ಬೆಂಗಳೂರಿನಿಂದ ದೆನ್‌ಪಸಾರ್‌ಗೆ ಹೋಗಿ ಬರುವ ವಿಮಾನ 27,500. ವೀಸಾ ಮತ್ತು ಪ್ರವಾಸಿ ಶುಲ್ಕ 3,450. ಆರು ರಾತ್ರಿಯ ರೂಮು 7,200. ಸ್ಕೂಟರ್ ಮತ್ತು ಪೆಟ್ರೋಲ್ 2,300. ಊಟ ತಿಂಡಿ 9,000. ನುಸಾ ಪೆನಿಡಾ ದ್ವೀಪಕ್ಕೆ ಒಂದು ದಿನ 4,800. ಪ್ರವೇಶ ಟಿಕೆಟ್, ಇತರೆ 3,400. ಸಿಮ್ 600. ಒಟ್ಟು ತಲಾ 58,250. ಕೊನೆಯ ಸಾಲಿಗೆ ಹಸಿರು ಬಣ್ಣ.

ಲೆಕ್ಕ ತಪ್ಪಿಲ್ಲ. ಆದರೆ ನಾವು ಬೆಂಗಳೂರಿನವರಲ್ಲ. ನಾನು ಉಡುಪಿ, ಒಬ್ಬಳು ಮಣಿಪಾಲ, ಒಬ್ಬಳು ಕಾಪು, ಒಬ್ಬ ಕಾರ್ಕಳ. ಕಾಲೇಜಿನಿಂದಲೂ ಊರಿನ ಹೆಸರಲ್ಲೇ ಒಬ್ಬರನ್ನೊಬ್ಬರು ಕರೆದು ಅಭ್ಯಾಸ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಬಜ್ಪೆಯಿಂದ ವಿಮಾನ ಹತ್ತುತ್ತೇವೆ ಅಂದರೆ ಗಲ್ಫಿಗೆ ಹೋಗಬಹುದು, ಬಾಲಿಗಲ್ಲ. ಹಾಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಏರ್‌ಪೋರ್ಟಿಗೆ ಇನ್ನೊಂದು ಬಸ್ಸು. ಹೋಗಿ ಬರಲು ಸ್ಲೀಪರ್ ಬಸ್ಸು 2,600, ಏರ್‌ಪೋರ್ಟಿನ ಓಡಾಟ 700. ಶೀಟಿನಲ್ಲಿ ಇವು ಇಲ್ಲ. ಯಾಕೆ ಹಾಕಲಿಲ್ಲ ಅಂದರೆ ನಾನು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ. ಪ್ರವಾಸ ಬೆಂಗಳೂರಿನಿಂದ ಶುರುವಾಗುತ್ತದೆ ಅಂತ ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ.

ಇನ್ಶೂರೆನ್ಸ್ 900 ಇಲ್ಲ. ಅಕ್ಕನಿಗೆ, ಆಫೀಸಿನವರಿಗೆ ತಂದ ಸಾಮಾನು 4,300 ಇಲ್ಲ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಅದರ ಮೇಲಿನ ಜಿಎಸ್‌ಟಿ, ಅಲ್ಲಿಯ ಎಟಿಎಂ ಕತ್ತರಿಸಿದ್ದು ಸೇರಿ 900 ಇಲ್ಲ. ಇನ್ನೊಂದು 2,130 ರೂಪಾಯಿಯೂ ಇಲ್ಲ. ಅದರ ಕತೆ ಹೇಳಲೇಬೇಕು.

ಕುತಾದ ಒಂದು ಓಣಿಯಲ್ಲಿ ಹಣ ಬದಲಿಸುವ ಸಣ್ಣ ಅಂಗಡಿ. ಬೋರ್ಡಿನಲ್ಲಿ ಡಾಲರಿಗೆ 16,100 ರುಪಿಯಾ ಅಂತ ಬರೆದಿತ್ತು, ‘ಕಮಿಷನ್ ಇಲ್ಲ’ ಅಂತಲೂ ಇತ್ತು. ಅವತ್ತಿನ ಮಾರುಕಟ್ಟೆ ದರ ಅದಕ್ಕಿಂತ ಕಡಿಮೆ. ಬ್ಯಾಂಕಿಗಿಂತ ಹೆಚ್ಚು ಕೊಡುವವನು ಯಾಕೆ ಕೊಡುತ್ತಾನೆ ಅಂತ ಉಡುಪಿ ರಥಬೀದಿಯಲ್ಲಿ ಬೆಳೆದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. 200 ಡಾಲರ್ ಕೊಟ್ಟೆ. ಆತ 50 ಸಾವಿರದ ನೋಟುಗಳನ್ನು ನನ್ನೆದುರೇ ಎಣಿಸಿದ. 64 ನೋಟು, ಜೊತೆಗೆ ಒಂದು 20 ಸಾವಿರದ್ದು. ನಾನೂ ಎಣಿಸಿದೆ, ಸರಿ ಇತ್ತು. “ಇನ್ನೊಮ್ಮೆ ನೋಡ್ತೇನೆ” ಅಂತ ವಾಪಸ್ ತೆಗೆದುಕೊಂಡು ಮೇಜಿನ ಮೇಲೆ ತಟ್ಟಿ ಸರಿಮಾಡಿ ಕೊಟ್ಟ. ರೂಮಿಗೆ ಬಂದು ನೋಡಿದರೆ ಎಂಟು ನೋಟು ಕಡಿಮೆ. ನಾಲ್ಕು ಲಕ್ಷ ರುಪಿಯಾ. ನೋಟುಗಳು ಮೇಜಿನ ಆಚೆ ಬದಿಗೆ ಬಿದ್ದಿರಬೇಕು. ಇದು ಅಲ್ಲಿಯ ಹಳೇ ಆಟವಂತೆ, ಆಮೇಲೆ ಗೊತ್ತಾಯಿತು. ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಗುರುತು ಹಾಕಿಕೊಂಡ, ಗಾಜಿನ ಬಾಗಿಲು, ಎಸಿ, ರಶೀದಿ ಇರುವ ಅಂಗಡಿಗೇ ಹೋಗಬೇಕು. ಕೊನೆಯಲ್ಲಿ ಎಣಿಸುವವರು ನಾವಾಗಿರಬೇಕು, ನಾವು ಎಣಿಸಿದ ಮೇಲೆ ಅದು ಇನ್ನೊಬ್ಬರ ಕೈಗೆ ಹೋಗಬಾರದು.

ಈ 2,130 ರೂಪಾಯಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಬರೆಯಲಿಲ್ಲ. ನಾಚಿಕೆ. ಎಲ್ಲವನ್ನೂ ಸೇರಿಸಿದರೆ ನನ್ನ ನಿಜವಾದ ಖರ್ಚು 69,780. ಹಸಿರು ಸಾಲಿಗಿಂತ 11,530 ಹೆಚ್ಚು. ಬಜೆಟ್ ಬರಹದ ಮೊದಲನೆಯ ದೋಷ ಇದು: ಬರೆಯುವವನು ಎಲ್ಲಿಯೂ ಮೋಸ ಹೋಗುವುದಿಲ್ಲ, ಸುಸ್ತಾಗಿ ಟ್ಯಾಕ್ಸಿ ಹತ್ತುವುದಿಲ್ಲ, ಅಮ್ಮನಿಗೆ ಸೀರೆಯಂಥದ್ದು ಏನೋ ಕಂಡಿತು ಅಂತ ಎರಡು ಸಾವಿರ ಕೊಡುವುದಿಲ್ಲ. ಅವನಿಗೆ ಮನೆಯವರೇ ಇಲ್ಲ ಅನ್ನಿಸುತ್ತದೆ.

ಹಾಗಂತ ಈ ಪ್ರಕಾರವನ್ನು ಪೂರ್ತಿ ತೆಗೆದುಹಾಕಲಿಕ್ಕಾಗುವುದಿಲ್ಲ. ನಾನು ಓದಿ ಬೆಳೆದ ಪ್ರವಾಸ ಕಥನಗಳಲ್ಲಿ ದುಡ್ಡಿನ ಮಾತೇ ನೆನಪಿಲ್ಲ. ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಹೈಸ್ಕೂಲಿನಲ್ಲಿ ಓದಿದಾಗ ದ್ವೀಪ ಅಂದರೆ ಮೀನು, ಗಾಳ, ಗೆಳೆಯರು ಅಂತ ತಲೆಯಲ್ಲಿ ಕೂತದ್ದು. ಹಡಗಿನ ಟಿಕೆಟ್ಟು ಎಷ್ಟು ಅಂತ ಕೇಳಬೇಕು ಅಂತಲೇ ಅನ್ನಿಸಿರಲಿಲ್ಲ. ಅದು ಆ ಪುಸ್ತಕದ ಕೊರತೆ ಅಲ್ಲ. ಆದರೆ ಹೋಗಬೇಕು ಅಂತ ಆಸೆ ಹುಟ್ಟಿದವನಿಗೆ ಹೋಗುವುದು ಹೇಗೆ ಅಂತ ಹೇಳುವವರು ಬೇಕಿತ್ತು. ದರ ಬಹಿರಂಗವಾಗಿ ಹೇಳುವ ಈ ವಿಡಿಯೋಗಳು ಬಂದ ಮೇಲೆಯೇ ‘ಫಾರಿನ್ ನಮಗಲ್ಲ’ ಅನ್ನುತ್ತಿದ್ದ ಎಷ್ಟೋ ಜನ ಪಾಸ್‌ಪೋರ್ಟ್ ಮಾಡಿಸಿದ್ದು. ಕಾರ್ಕಳನೇ ಅದಕ್ಕೆ ಉದಾಹರಣೆ. 1,500 ರೂಪಾಯಿ ಕೊಟ್ಟು ಮಾಡಿಸಿದ ಅವನ ಮೊದಲನೆಯ ಪಾಸ್‌ಪೋರ್ಟಿನ ಮೊದಲನೆಯ ಮುದ್ರೆ ಬಾಲಿಯದ್ದು.

ಮತ್ತು ಉಪಯೋಗದ ಮಾತುಗಳನ್ನೂ ಅವೇ ಹೇಳಿಕೊಟ್ಟವು. ವೀಸಾಕ್ಕೆ ಐದು ಲಕ್ಷ ರುಪಿಯಾ, 2024ರ ಫೆಬ್ರವರಿ 14ರಿಂದ ಬಾಲಿ ಸರ್ಕಾರ ಶುರು ಮಾಡಿದ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ ರುಪಿಯಾ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನಮ್ಮ ಲೆಕ್ಕದಲ್ಲಿ ಎರಡೂ ಸೇರಿ ಮೂರೂವರೆ ಸಾವಿರದೊಳಗೆ. ನಾವು ಹೋದಾಗ ನಮ್ಮ ಒಂದು ರೂಪಾಯಿಗೆ ಸುಮಾರು 188 ರುಪಿಯಾ. ಹೆಸರುಗಳು ಅಣ್ಣ ತಮ್ಮಂದಿರಂತೆ ಇವೆ, ಎರಡರ ಮೂಲವೂ ಸಂಸ್ಕೃತದ ‘ರೂಪ್ಯ’, ಸೊನ್ನೆಗಳಲ್ಲಿ ಮಾತ್ರ ಸಂಬಂಧವೇ ಇಲ್ಲ. ಅವರು ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕಿ ಇಡುತ್ತಾರೆ. ನಮ್ಮ ಹತ್ತು ಲಕ್ಷ ಅವರಿಗೆ ‘ಸತು ಜೂತಾ’. ಹೋಟೆಲಿನ ಮೆನುವಿನಲ್ಲಿ ಮೂರು ಸೊನ್ನೆ ನುಂಗಿ ಬರೀ 75 ಅಂತ ಇರುತ್ತದೆ. ಮೊದಲ ದಿನ ಇಪ್ಪತ್ತು ಸಾವಿರದ ನೀರಿನ ಬಾಟಲಿ ನೋಡಿ ಹೆದರಿದವರು ಮೂರನೆಯ ದಿನ ಒಂದು ಲಕ್ಷದ ಕೆಂಪು ನೋಟನ್ನು ಬಸ್ಸಿನ ಟಿಕೆಟಿನ ಹಾಗೆ ಮಡಚಿ ಜೇಬಿಗೆ ಹಾಕುತ್ತೇವೆ. ದುಡ್ಡು ಕಳೆಯುವುದು ಈ ಎರಡನೆಯ ಹಂತದಲ್ಲಿ.

ಕಾರ್ಡ್ ಉಜ್ಜಿದಾಗ ಮೆಷಿನ್ನು ‘ಭಾರತದ ರೂಪಾಯಿಯಲ್ಲಿ ಕೊಡುತ್ತೀರಾ, ಇಂಡೊನೇಷ್ಯಾದ ರುಪಿಯಾದಲ್ಲಾ?’ ಅಂತ ಕೇಳುತ್ತದೆ. ನಮ್ಮ ರೂಪಾಯಿ ಕಂಡರೆ ಊರಿನವರು ಸಿಕ್ಕಿದಷ್ಟು ಖುಷಿಯಾಗಿ ಅದನ್ನೇ ಒತ್ತುತ್ತೇವೆ. ಒತ್ತಬಾರದು. ಆಗ ದರ ನಿಗದಿ ಮಾಡುವುದು ಅಂಗಡಿಯ ಕಡೆಯ ಬ್ಯಾಂಕು, ಅದರಲ್ಲಿ ಅವರ ಪಾಲು ಸೇರಿರುತ್ತದೆ. ಯಾವ ದೇಶಕ್ಕೆ ಹೋದರೂ ಅಲ್ಲಿಯ ಹಣದಲ್ಲೇ ಕೊಡುವುದು. ಡಾಲರ್ ನೋಟು ಒಯ್ಯುವುದಾದರೆ ನೂರರದ್ದು, ಹೊಸದು, ಮಡಿಕೆ ಇಲ್ಲದ್ದು. ಹಳೇ ನೋಟಿಗೆ ದರ ಇಳಿಸುತ್ತಾರೆ, ಕೆಲವರು ಮುಟ್ಟುವುದೇ ಇಲ್ಲ. ಗಡ್‌ಬಡ್ ತಿಂದರೂ ಸ್ಕ್ಯಾನ್ ಮಾಡುವ ನಮಗೆ ಅಲ್ಲಿ ಯುಪಿಐ ಇರಲಿಲ್ಲ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಿಂದ ಶುರುವಾಗಿದೆ. ಟೂರ್ ಪ್ಯಾಕೇಜ್ ತೆಗೆದುಕೊಂಡಿದ್ದರೆ ಮೊದಲ ರೂಪಾಯಿಯಿಂದಲೇ ಶೇ 5ರಷ್ಟು ಟಿಸಿಎಸ್ ಕತ್ತರಿಸುವ ನಿಯಮ ಆಗ ಇತ್ತು. ಅದು ಖರ್ಚಲ್ಲ, ರಿಟರ್ನ್ ಹಾಕಿದರೆ ಹೊಂದಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ಆ ತಿಂಗಳು ಕೈಯಲ್ಲಿರಬೇಕಾದ ದುಡ್ಡು ಕೈಯಲ್ಲಿರುವುದಿಲ್ಲ. ಇವೆಲ್ಲ ಒಳ್ಳೆಯ ಮಾಹಿತಿ. ವಿಡಿಯೋದವರಿಗೆ ಇದಕ್ಕೆ ನಾನು ಋಣಿ.

ನನ್ನ ತಕರಾರು ಇರುವುದು ‘ತಲಾ’ ಅನ್ನುವ ಎರಡಕ್ಷರದಲ್ಲಿ.

ನಮ್ಮ ನಾಲ್ಕು ತಲೆಗಳನ್ನು ನೋಡಿ. ಮಣಿಪಾಲ ಸಾಫ್ಟ್‌ವೇರಿನಲ್ಲಿದ್ದಾಳೆ. ವಿಮಾನದ ಟಿಕೆಟು ಕ್ರೆಡಿಟ್ ಕಾರ್ಡಿನಲ್ಲಿ ತೆಗೆದು ಆರು ತಿಂಗಳ ಕಂತು ಮಾಡಿಕೊಂಡಳು. ನಾನು ವರ್ಷದ ಬೋನಸ್ ಇಟ್ಟಿದ್ದೆ. ಕಾಪುವಿನವಳ ಅಪ್ಪ ಬಹರೈನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ಬಂದವರು. ಸಮುದ್ರದಾಚೆಯ ದ್ವೀಪ ಅನ್ನುವುದು ನಮ್ಮ ಕರಾವಳಿಗೆ ಹೊಸದೇನಲ್ಲ, ಬಹರೈನ್ ದ್ವೀಪವೇ ತಾನೇ. ಆದರೆ ಅಲ್ಲಿಗೆ ಹೋದದ್ದು ಖರ್ಚು ಮಾಡಲಿಕ್ಕಲ್ಲ. ಹೊರಡುವ ಮೊದಲು ಕಾಪುವಿನ ಅವರ ಮನೆಗೆ ಹೋಗಿದ್ದೆವು. ನಾವು ಕರೆನ್ಸಿ ದರ ನೋಡುತ್ತ ಕೂತಿದ್ದಾಗ ಅಂಕಲ್ ಒಳಗಿನಿಂದ ಹಳೇ ಚಿಲ್ಲರೆಯ ಡಬ್ಬಿ ತಂದು ತೋರಿಸಿದರು. ಅಲ್ಲಿ ಒಂದು ದಿನಾರಿಗೆ ಸಾವಿರ ಫಿಲ್ಸ್. “ಮೊದಮೊದಲು ಚಾ ಕುಡಿಯುವಾಗಲೂ ರೂಪಾಯಿಗೆ ಗುಣಿಸ್ತಿದ್ದೆ ಮಗ. ಗುಣಿಸಿದ್ರೆ ಅಲ್ಲಿ ಬದುಕ್ಲಿಕ್ಕಾಗುದಿಲ್ಲ. ಗುಣಿಸದಿದ್ರೆ ಇಲ್ಲಿ ಮನೆ ಕಟ್ಲಿಕ್ಕಾಗುದಿಲ್ಲ” ಅಂದರು. ಅಷ್ಟು ವರ್ಷ ದ್ವೀಪದಲ್ಲಿದ್ದು ಒಮ್ಮೆಯೂ ಅಲ್ಲಿಯ ಬೀಚಿನಲ್ಲಿ ಸುಮ್ಮನೆ ಕೂತದ್ದಿಲ್ಲವಂತೆ. “ರಜೆ ಅಂದ್ರೆ ಊರಿಗೆ ಬರುವುದು, ಅಷ್ಟೇ.” ಈಗ ಮಗಳು ಇನ್ನೊಂದು ದ್ವೀಪಕ್ಕೆ ಹೋಗಿ ಆರಾಮ ಕುರ್ಚಿಯಲ್ಲಿ ಮಲಗುತ್ತೇನೆ ಅಂದಾಗ ಅವರಿಗೆ ಸಂತೋಷವೇ ಆಗಿತ್ತು ಅಂತ ನನ್ನ ಊಹೆ. ಆಂಟಿಯ ಮುಖ ನೋಡಿದರೆ ಅಷ್ಟು ಖಾತ್ರಿ ಇರಲಿಲ್ಲ.

ಕಾರ್ಕಳ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ನೋಡುತ್ತಾನೆ. ಅವನ ದುಡ್ಡು ಬಂದದ್ದು ಪಿಗ್ಮಿಯಿಂದ. ದಿನಕ್ಕೆ 120 ರೂಪಾಯಿ, ಸುಮಾರು 500 ದಿನ, 60,000. ಊರಿನ ಸೊಸೈಟಿಯ ಪಿಗ್ಮಿ ಕಲೆಕ್ಟರ್ ಪ್ರತಿ ಸಂಜೆ ಕಾರ್ಖಾನೆಯ ಗೇಟಿನ ಹತ್ತಿರ ಬೈಕ್ ನಿಲ್ಲಿಸುತ್ತಾರೆ, ಇವನು ಹೋಗಿ ಕೊಟ್ಟು ಬರುತ್ತಾನೆ.

ಪಿಗ್ಮಿ ನಮ್ಮೂರಿನದ್ದೇ ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಶುರು ಮಾಡಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. 1928ರಲ್ಲಿ ಅದು ಪಿಗ್ಮಿ ತಂದಿತು. ಬ್ಯಾಂಕಿನ ಮೆಟ್ಟಿಲು ಹತ್ತದವರ ಮನೆ ಬಾಗಿಲಿಗೆ ಏಜೆಂಟರು ದಿನಾ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತ ಸಂಗ್ರಹಿಸುವ ವ್ಯವಸ್ಥೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಉಡುಪಿಯದ್ದೇ ಇನ್ನೊಂದು ಕೂಸು, 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಯೂನಿಯನ್ ಬ್ಯಾಂಕಿಗೆ ಸೇರಿತು. ಬೋರ್ಡುಗಳು ಹೋದವು. ಪಿಗ್ಮಿ ಸಂಗ್ರಹ ಸಣ್ಣಪುಟ್ಟ ಸೊಸೈಟಿಗಳಲ್ಲಿ ಇನ್ನೂ ಉಂಟು.

ಈ ನಾಲ್ಕು ದುಡ್ಡೂ ನನ್ನ ಶೀಟಿನಲ್ಲಿ ಒಂದೇ ಕಾಲಮ್ಮು.

ಅಲ್ಲಿ ಲೆಕ್ಕ ಇಡುವ ಕೆಲಸ ನನಗೆ ಬಂತು. ಪಾಲು ಹಾಕುವ ಆ್ಯಪ್ ಇದೆಯಲ್ಲ, ಅದನ್ನು ಹಾಕಿಕೊಂಡೆ. ಯಾರಾದರೂ ಒಬ್ಬರು ಕೊಡುವುದು, ನಾನು ಮೊತ್ತ ಹಾಕುವುದು, ಅದು ನಾಲ್ಕು ಪಾಲು ಮಾಡುವುದು. ಬೇರೆ ಬೇರೆ ಪಾಲು ಹಾಕಲಿಕ್ಕೂ ಬರುತ್ತದೆ. ಅದಕ್ಕೆ ನಾಲ್ಕು ಸಲ ಹೆಚ್ಚು ಒತ್ತಬೇಕು. ಬಿಸಿಲು, ಹಸಿವು, ಹಿಂದಿನಿಂದ “ಹಾಕಿದ್ಯಾ? ಹೋಗುವಾ” ಅನ್ನುವವರು. ಯಾರು ಒತ್ತುತ್ತಾರೆ?

ಕಾರ್ಕಳನ ಪದ್ಧತಿ ಬೇರೆ ಇತ್ತು. ವಿಮಾನ, ರೂಮು ಎಲ್ಲ ಮೊದಲೇ ಕೊಟ್ಟಾಗಿತ್ತು. ಕೈಯಲ್ಲಿ 200 ಡಾಲರ್. ಬೆಳಿಗ್ಗೆ ಎದ್ದು ಮೂರು ಲಕ್ಷ ರುಪಿಯಾ, ಅಂದರೆ ಸುಮಾರು 1,600 ರೂಪಾಯಿ, ಅಂಗಿಯ ಜೇಬಿಗೆ ಹಾಕಿ ಉಳಿದದ್ದನ್ನು ಬ್ಯಾಗಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಸಂಜೆ ಉಳಿದರೆ ನಾಳೆಗೆ. “ಎಂತ ಮಾರಾಯ ಇದು?” ಅಂತ ಕೇಳಿದಾಗ “ಪಿಗ್ಮಿ, ಉಲ್ಟಾ” ಅಂದ. ನಾವು ನಕ್ಕೆವು. ಖರ್ಚು ಹಿಡಿಯಲು ಅದಕ್ಕಿಂತ ಒಳ್ಳೆಯ ಉಪಾಯ ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಅಪರಿಚಿತ ನೋಟಿನ ಸೊನ್ನೆಗಳು ತಲೆ ಕೆಡಿಸುವುದಿಲ್ಲ, ಗುಣಿಸುವ ಕೆಲಸವೂ ಇಲ್ಲ. ಮೂರು ಕೆಂಪು ನೋಟು ಮುಗಿದರೆ ಆ ದಿನ ಮುಗಿಯಿತು.

ಮೂರನೆಯ ಸಂಜೆ ಬೀಚ್ ಕ್ಲಬ್ಬಿಗೆ ಹೋದೆವು. ಎಲ್ಲ ವಿಡಿಯೋದಲ್ಲೂ ಇರುವಂಥದ್ದು. ಪ್ರವೇಶ ಉಚಿತ ಅಂತ ವಿಡಿಯೋ ಹೇಳುತ್ತದೆ. ಒಳಗೆ ಮೆತ್ತೆ ಹಾಸಿದ ಮಂಚದ ಮೇಲೆ ಕೂರಬೇಕಾದರೆ ಕನಿಷ್ಠ ಇಷ್ಟು ಖರ್ಚು ಮಾಡಬೇಕು ಅನ್ನುವುದು ಅದರ ಕೆಳಗಿನ ಸಣ್ಣ ಅಕ್ಷರದಲ್ಲಿ. ಮೆನುವಿನ ಬೆಲೆಯ ಮುಂದೆ ಎರಡು ಕೂಡುವ ಚಿಹ್ನೆ ಇರುತ್ತದೆ, ಒಂದು ಸರ್ವಿಸ್, ಒಂದು ತೆರಿಗೆ. ನಾವು ಹೋದಲ್ಲಿ ಸೇರಿ ಶೇ 21. ನಾವು ಮೂವರು ಕುಡಿದೆವು, ತಿಂದೆವು. ಕಾರ್ಕಳ ಕುಡಿಯುವುದಿಲ್ಲ. ಒಂದು ಎಳನೀರು ತೆಗೆದುಕೊಂಡ. ಸೂರ್ಯ ಮುಳುಗುವುದು ಕಾಪುವಿನಲ್ಲಿ ಇದಕ್ಕಿಂತ ಚೆಂದ ಅಂದ. ಬಿಲ್ಲು 17 ಲಕ್ಷ, ಶೇ 21 ಸೇರಿ 20,57,000 ರುಪಿಯಾ. ಮಣಿಪಾಲ ಕಾರ್ಡ್ ಕೊಟ್ಟಳು. ನಾನು ಆ್ಯಪಿನಲ್ಲಿ ಹಾಕಿದೆ. ತಲಾ 5,14,250. ನಮ್ಮ ದುಡ್ಡಿನಲ್ಲಿ 2,735 ರೂಪಾಯಿ. ಅವನ ಎಳನೀರು 60,000, ತೆರಿಗೆ ಎಲ್ಲ ಸೇರಿ 72,600. ಅಂದರೆ 386 ರೂಪಾಯಿ.

ಮರುದಿನ ಬೆಳಿಗ್ಗೆ ಅವನು ಐದು ಕೆಂಪು ನೋಟು ಮತ್ತು ಚಿಲ್ಲರೆ ಮಣಿಪಾಲಳ ಕೈಯಲ್ಲಿಟ್ಟ. “ಊರಿಗೆ ಹೋಗಿ ಜಿಪೇ ಮಾಡು ಮಾರಾಯ, ಎಂತ ಅರ್ಜೆಂಟ್” ಅಂದಳು. “ಇಲ್ಲ, ನಿನ್ನೆಯದ್ದು ನಿನ್ನೆಗೇ ಮುಗಿಲಿ” ಅಂದ. ಆಮೇಲೆ ಹೊಟ್ಟೆ ಸರಿ ಇಲ್ಲ, ಪೆನಿಡಾಕ್ಕೆ ನೀವು ಹೋಗಿ ಬನ್ನಿ ಅಂದ. ಸಾನೂರಿನಿಂದ ಸ್ಪೀಡ್ ಬೋಟು, ಮುಕ್ಕಾಲು ಗಂಟೆ, ಟಿಕೆಟು ವಾರದ ಮೊದಲೇ ತೆಗೆದಾಗಿತ್ತು. “ನನ್ನ ಟಿಕೆಟಿನ ದುಡ್ಡು ವಾಪಸ್ ಬರ್ತದಲ್ಲ?” ಅಂತ ಕೇಳಿದ. “ನೋಡುವಾ” ಅಂದೆ. ನಾನು ಕೇಳಲೇ ಇಲ್ಲ. ಬೋಟು ಹತ್ತುವ ಗಡಿಬಿಡಿಯಲ್ಲಿ ಮರೆತುಹೋಯಿತು.

ಸಂಜೆ ಬಂದಾಗ ಅವನು ರೂಮಿನ ಎದುರಿನ ವಾರುಂಗಿನಲ್ಲಿ, ಅಂದರೆ ನಮ್ಮ ಗೂಡಂಗಡಿ ಹೋಟೆಲಿನಂಥದ್ದರಲ್ಲಿ, ಅನ್ನ ಮೀನು ತಿನ್ನುತ್ತ ಆರಾಮಾಗಿ ಕೂತಿದ್ದ. ತಟ್ಟೆಗೆ 25 ಸಾವಿರ ರುಪಿಯಾ, ನಮ್ಮ 133 ರೂಪಾಯಿ. ಅಂಗಡಿಯ ಅಜ್ಜಿ ಅಂಗಳದಲ್ಲಿ ತೆಂಗಿನ ಗರಿಯ ಸಣ್ಣ ಬುಟ್ಟಿಗೆ ಹೂ ಇಡುವುದನ್ನು ನೋಡುತ್ತಿದ್ದ. ಹೊಟ್ಟೆ ಸರಿ ಇಲ್ಲದವನು ಇಷ್ಟು ತಿನ್ನುತ್ತಾನಾ ಅಂತ ಕಾಪು ತಮಾಷೆ ಮಾಡಿದಳು. ನಾವು ಮೂವರೂ ನಕ್ಕೆವು. ಅವನೂ ನಕ್ಕ.

ನನ್ನ ಶೀಟಿನಲ್ಲಿ ನುಸಾ ಪೆನಿಡಾ ತಲಾ 4,800 ಅಂತಿದೆ. ಅದರಲ್ಲಿ ಬೋಟಿನ ಟಿಕೆಟು ನಾಲ್ಕು ಪಾಲು, ಅಲ್ಲಿಯ ಕಾರು ಊಟ ಮೂರು ಪಾಲು. ಅಂದರೆ ಕಾರ್ಕಳ ಹತ್ತದ ಬೋಟಿಗೂ ದುಡ್ಡು ಕೊಟ್ಟಿದ್ದಾನೆ, ಮತ್ತು ನನ್ನ ಆ ಅಂಕಿ ನಾಲ್ವರಲ್ಲಿ ಒಬ್ಬನಿಗೆ ಸುಳ್ಳು. ಸ್ಕೂಟರಿನದ್ದು ಅವನು ಹಿಂದೆ ಕೂತದ್ದಕ್ಕೂ ಅರ್ಧ. ಊಟ 9,000 ಅನ್ನುವುದು ನಮ್ಮ ಮೂವರ ಬಿಯರು ಸೇರಿದ ಸರಾಸರಿ. ‘ತಲಾ’ ಅಂದರೆ ಸಮಾನ ಅಂತ ನಾನು ತಿಳಿದಿದ್ದೆ. ನಮ್ಮಲ್ಲಿ ಕಡಿಮೆ ತಿಂದವನು ಹೆಚ್ಚು ತಿಂದವರ ಬಿಲ್ಲಿಗೆ ಸೇರಿಸಿದ ದುಡ್ಡು ಅದು.

ಇದು ನಮ್ಮ ಗುಂಪಿನ ಕತೆ ಮಾತ್ರ ಅಂತ ಬಿಡಬಹುದಿತ್ತು. ಆದರೆ ನಾನು ನೋಡಿದ ಬಜೆಟ್ ವಿಡಿಯೋಗಳೆಲ್ಲ ನಿಂತಿರುವುದು ಇಂಥ ಸರಾಸರಿಯ ಮೇಲೆ. ಎಷ್ಟು ಖರ್ಚು ಅಂತ ಹೇಳುತ್ತವೆ, ಯಾರ ಖರ್ಚು ಅಂತ ಹೇಳುವುದಿಲ್ಲ. ಬೋನಸ್ಸಿನ 58 ಸಾವಿರವೂ ಕಂತಿನ 58 ಸಾವಿರವೂ ಪಿಗ್ಮಿಯ 58 ಸಾವಿರವೂ ಅವಕ್ಕೆ ಒಂದೇ. ಕಂತಿನದ್ದು ಬಡ್ಡಿ ಸೇರಿ 58 ಆಗಿ ಉಳಿಯುವುದಿಲ್ಲ ಅನ್ನುವ ಸರಳ ಲೆಕ್ಕವನ್ನೂ ಹೇಳುವುದಿಲ್ಲ. ಒಂದು ವಿಡಿಯೋದಲ್ಲಿ ಒಬ್ಬರು ‘ಇಷ್ಟು ಕಡಿಮೆಗೆ ಆಗುವಾಗ ಹೋಗದಿರುವುದಕ್ಕೆ ನೆಪ ಹೇಳಬೇಡಿ’ ಅಂದರು. ಮೊದಲು ಸರ್ಕಾರವೇ ತಡೆಯುತ್ತಿತ್ತು, ವಿದೇಶಿ ವಿನಿಮಯ ಸಿಗುತ್ತಿರಲಿಲ್ಲ. 2004ರಲ್ಲಿ ರಿಸರ್ವ್ ಬ್ಯಾಂಕ್ ಒಬ್ಬರಿಗೆ ವರ್ಷಕ್ಕೆ 25,000 ಡಾಲರ್ ಅಂತ ಬಾಗಿಲು ತೆರೆಯಿತು, ಈಗ ಅದು 2,50,000. ನಮ್ಮಂಥವರಿಗೆ ಆ ಮಿತಿ ಕನಸಿನಲ್ಲೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದನ್ನೆಲ್ಲ ಈಗ ನೆಪ ಅನ್ನುತ್ತಾರೆ. ಕಾರ್ಕಳನ ಹೊಟ್ಟೆನೋವು ಆ ಲೆಕ್ಕದಲ್ಲಿ ನೆಪವೇ.

ಶೀಟ್ ಫೇಮಸ್ ಆಗಿ ಮೂರು ತಿಂಗಳ ಮೇಲೆ ಒಂದು ಭಾನುವಾರ ಕಾಪುವಿನಲ್ಲಿ ನಾವಿಬ್ಬರೇ ಸಿಕ್ಕಿದೆವು. 1901ರ ದೀಪಸ್ತಂಭದ ಬುಡದಲ್ಲಿ ಬಂಡೆಯ ಮೇಲೆ ಕೂತು ಚರುಮುರಿ ತಿನ್ನುತ್ತಿದ್ದಾಗ, “ನಿನ್ನ ಶೀಟ್ ನಮ್ಮ ಕಾರ್ಖಾನೆಗೂ ಬಂದಿದೆ” ಅಂದ. ಯಾರೋ ಅವನಿಗೇ ಕಳಿಸಿದ್ದಾರೆ, ನೋಡು ಎಷ್ಟು ಚೀಪು ಅಂತ.

“ಅದ್ರಲ್ಲಿ ನನ್ನ ಲೆಕ್ಕ ಬೇರೆ ಉಂಟು” ಅಂದ.

ಆಗ ಹೇಳಿದ್ದು, ಮೂರು ನೋಟಿನದ್ದು, ಬೀಚ್ ಕ್ಲಬ್ಬು ಎರಡು ದಿನವನ್ನು ಹತ್ತಿರಹತ್ತಿರ ನುಂಗಿದ್ದು, ಪೆನಿಡಾದಲ್ಲಿ ಇನ್ನೂ ಎಷ್ಟು ಹೋಗುತ್ತದೋ ಅಂತ ಹೆದರಿ ಉಳಿದದ್ದು. ಅವನ ಅಮ್ಮ ಈಗಲೂ ಬೀಡಿ ಕಟ್ಟುತ್ತಾರೆ. ಅದು ನನಗೆ ಗೊತ್ತಿತ್ತು, ಅವರ ಮನೆಯ ಜಗಲಿಯಲ್ಲಿ ಮಡಿಲ ಮೇಲೆ ಸೂಪು ಇಟ್ಟುಕೊಂಡು ಮಾತಾಡುತ್ತಲೇ ಕಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. “ಕಾಪು ಅಂಕಲ್ ದಿನಾರಿಗೆ ಗುಣಿಸಿದ್ರಲ್ಲ, ನಾನು ಬೀಡಿಗೆ ಗುಣಿಸುದು. ಆ ಸಂಜೆಯದ್ದು ಅಮ್ಮ ಬ್ರಾಂಚಿಗೆ ಎಷ್ಟು ಸಾವಿರ ಬೀಡಿ ಕೊಟ್ರೆ ಬರುವ ದುಡ್ಡು ಅಂತ ಲೆಕ್ಕ ಹಾಕಿದೆ. ಹಾಕಬಾರದಿತ್ತು.”

“ಹೇಳಬಹುದಿತ್ತಲ್ಲ ಮಾರಾಯ.”

“ಹೇಳಿದ್ರೆ ನೀವು ನನ್ನದ್ದು ಕೊಡ್ತಿದ್ರಿ. ಅದಕ್ಕೇ ಹೇಳ್ಲಿಲ್ಲ.”

ನಾನು ಆ 386 ರೂಪಾಯಿಯ ಲೆಕ್ಕ ಹೇಳಿ, ಉಳಿದ 2,349 ವಾಪಸ್ ಮಾಡುತ್ತೇವೆ ಅಂದೆ. ಬೋಟಿನದ್ದೂ ಅಂದೆ. ಅವನಿಗೆ ಸಿಟ್ಟು ಬಂತು. ಎರಡು ವಾರ ಫೋನ್ ಎತ್ತಲಿಲ್ಲ. ದುಡ್ಡು ವಾಪಸ್ ಕೊಡುವುದರಲ್ಲೂ ನಾನು ಅದೇ ಆ್ಯಪಿನ ಹಾಗೆ ನಡೆದುಕೊಂಡೆ ಅಂತ ಈಗ ಅನ್ನಿಸುತ್ತದೆ. ಅಷ್ಟಕ್ಕೂ ಅವನಿಗೆ ಬಾಲಿ ಇಷ್ಟವಾಗಿತ್ತು. ನಾಲ್ಕನೆಯ ದಿನ ಅವನೊಬ್ಬನೇ ಊರೊಳಗೆ ನಡೆದುಕೊಂಡು ಹೋಗಿ ಗದ್ದೆ ನೋಡಿ, ಯಾರದೋ ಮನೆಯ ಕೋಳಿ ಅಂಕದ ಕೋಳಿ ನೋಡಿ, ಥೇಟ್ ನಮ್ಮ ಕಡೆಯ ಹಾಗೇ ಅಂತ ಖುಷಿಪಟ್ಟಿದ್ದ. ನಮಗೆ ಪೆನಿಡಾದ ಬಂಡೆಯ ಫೋಟೊ ಸಿಕ್ಕಿತು, ಅದಕ್ಕೆ ಒಂದೂವರೆ ಗಂಟೆ ಕ್ಯೂ. ಯಾರ ದಿನ ಚೆನ್ನಾಗಿತ್ತು ಅಂತ ಹೇಳಲು ಬರುವುದಿಲ್ಲ. ಆದರೆ ಅವನು ಅದನ್ನು ಆರಿಸಿಕೊಂಡದ್ದಲ್ಲ.

ಈಗ ಶ್ರೀಲಂಕಾದ ಮಾತು ನಡೆಯುತ್ತಿದೆ. ಅವನೇ ತೆಗೆದದ್ದು. ಪಿಗ್ಮಿ ಮತ್ತೆ ಶುರು ಮಾಡಿದ್ದಾನೆ, ಈ ಸಲ ದಿನಕ್ಕೆ 150. ಶೀಟ್ ನಾನು ಮಾಡುವುದು ಬೇಡ ಅಂತ ಮೂವರೂ ಸೇರಿ ತೀರ್ಮಾನಿಸಿದ್ದಾರೆ, ಕಾರ್ಕಳನೇ ಮಾಡಿ ಕಳಿಸಿದ. ಉಡುಪಿ ಬಸ್ ಸ್ಟ್ಯಾಂಡಿನಿಂದ ಶುರುವಾಗುತ್ತದೆ. ಸರಾಸರಿಯ ಸಾಲು ಇಲ್ಲ. ನಾಲ್ಕು ಕಾಲಮ್ಮು, ಪ್ರತಿಯೊಂದರ ಮೇಲೆ ಒಬ್ಬೊಬ್ಬರ ಊರಿನ ಹೆಸರು, ಅದರ ಕೆಳಗೆ ‘ಒಟ್ಟು ಎಷ್ಟರವರೆಗೆ’ ಮತ್ತು ‘ದಿನಕ್ಕೆ ಎಷ್ಟು’ ಅಂತ ಎರಡು ಖಾನೆ. ನಾಲ್ಕರಲ್ಲಿ ಅತಿ ಕಡಿಮೆ ಯಾವುದೋ ಅದರ ಮೇಲೆ ರೂಮು, ಗಾಡಿ. ಉಳಿದದ್ದು ಅವರವರ ಇಷ್ಟ, ಅವರವರ ಬಿಲ್ಲು. ಅವನ ಅಂಕಿ ಬರೆದಿದ್ದಾನೆ. ಕಾಪು ಅಪ್ಪನ ಹತ್ತಿರ ಕೇಳಿ ಬರೆದಳು. ಮಣಿಪಾಲಳ ಹಳೆಯ ಕಂತುಗಳು ಮುಗಿದಿವೆ, ಅವಳೂ ಬರೆದಳು, ನಾನು ಊಹಿಸಿದ್ದಕ್ಕಿಂತ ಎಷ್ಟೋ ಕಡಿಮೆ. ಬಾಲಿಯಲ್ಲಿ ಆ ಕಾರ್ಡ್ ಉಜ್ಜುವಾಗ ಅವಳಿಗೂ ಕೈ ನಡುಗುತ್ತಿತ್ತಂತೆ.

ನನ್ನ ಖಾನೆ ಎರಡೂ ಖಾಲಿ ಇವೆ. ಫ್ಲ್ಯಾಟಿನ ಸಾಲ ಕಳೆದು ನಿಜವಾಗಿ ಎಷ್ಟು ಉಳಿಯುತ್ತದೆ ಅಂತ ನಾನು ಈ ಮೂವರಿಗೆ ಯಾವತ್ತೂ ಹೇಳಿಲ್ಲ. ಕಾರ್ಕಳ ನಿನ್ನೆ ಮೆಸೇಜ್ ಹಾಕಿದ್ದಾನೆ: “ಉಡುಪಿ, ನಿನ್ನದ್ದು ಬರ್ಲಿಲ್ಲ.”